ಮೊದಲ ಪಂಕ್ತಿಯ ಮುತ್ತಲ ಎಲೆ

ನಮ್ಮ ಓಣಿಯ ಗುಂಡಮ್ಮನಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ, ಕೊರಳಲ್ಲಿ ತಾಳಿ ಮತ್ತು ಲಿಂಗದ ಕರಡಿಗೆ ಬಿಟ್ಟರೆ ಒಡವೆಯಿರಲಿಲ್ಲ. ಗಂಡ ಮಾಪಣ್ಣ ಕಲಬುರ್ಗಿಯ ಧಾನ್ಯದ ಪೇಟೆಯಾದ ಗಂಜ್‌ನ ಒಂದು ಬೇಳೆ ಅಡತಿ ಅಂಗಡಿಯಲ್ಲಿ ಕಾವಲುಗಾರ. ಅವಳಿಗೆ ತನ್ನದೆಂದು ಇದ್ದದ್ದು ಒಂದೇ ಒಂದು: ಶ್ರಾವಣದ ಕೊನೆಯ ಸೋಮವಾರ ಓಣಿಯ ಮಠದ ದಾಸೋಹದಲ್ಲಿ ಮೊದಲ ಪಂಕ್ತಿಗೆ ಹಾಕುವ ಪತ್ರೋಳಿ. ಮುತ್ತಲ ಎಲೆಗಳನ್ನು ಕಡ್ಡಿಯಿಂದ ಹೊಲಿದು ಮಾಡಿದ ಆ ಊಟದೆಲೆ ಅವಳ ಮನೆಯಿಂದಲೇ ಬರಬೇಕೆಂಬುದು ಅವಳ ಅತ್ತೆಯ ಕಾಲದಿಂದ ನಡೆದುಬಂದದ್ದು. ಉಳಿದ ಪಂಕ್ತಿಗಳಿಗೆ ಯಾರು ಬೇಕಾದರೂ ಎಲೆ ತರಬಹುದಿತ್ತು. ಮೊದಲ ಪಂಕ್ತಿಯಲ್ಲಿ ದಾರಿಹೋಕರು, ಮುದುಕರು, ಕೂಲಿಗಳು ಕೂರುತ್ತಿದ್ದರು. ಅವರು ಉಂಡು ಏಳುವವರೆಗೆ ಗುಂಡಮ್ಮ ಹನಿ ನೀರು ಕುಡಿಯುತ್ತಿರಲಿಲ್ಲ.

ಎಲೆ ತರಲು ಅವಳು ಪ್ರತಿ ವರ್ಷ ಕಮಲಾಪುರದ ದಾರಿ ಹಿಡಿಯುತ್ತಿದ್ದಳು. ಜೊತೆಗೆ ಊರಿನ ಮೋಮಿನಪುರ ಓಣಿಯ ಮಸ್ತಾನಬಿ. ಮಸ್ತಾನಬಿಯ ಗಂಡ ಕರೀಂಸಾಬನ ಬಂಡಿ ಗಂಜ್‌ಗೂ ಕಮಲಾಪುರಕ್ಕೂ ಮಾಲು ಹೊರುತ್ತಿತ್ತು. ಖಾಲಿ ಬಂಡಿ ಹೋಗುವಾಗ ಇಬ್ಬರೂ ಹತ್ತಿ ಕೂರುವರು. ಕಮಲಾಪುರ ಇನ್ನೂ ಮುಂದಿರುವಾಗಲೇ ಒಂದು ಇಳಿಜಾರಿನಲ್ಲಿ ಮುತ್ತಲ ಗಿಡಗಳು ರಸ್ತೆಯ ತನಕ ಬಂದು ನಿಂತಿದ್ದವು. ಅಲ್ಲಿ ಇಳಿದು ಎಲೆ ಬಿಡಿಸುವರು.

ಮುತ್ತಲದ ಒಂದು ತೊಟ್ಟಿಗೆ ಮೂರು ಎಲೆ. ಪಕ್ಕದ ಎರಡು ಸ್ವಲ್ಪ ಸೊಟ್ಟ, ನಡುವಿನದು ಅಗಲ ಮತ್ತು ದುಂಡಗೆ. ಮಸ್ತಾನಬಿ ಮುಂದೆ ಹೋಗುತ್ತ ಪಕ್ಕದ ಎರಡನ್ನು ಉಗುರಿನಿಂದ ಚಿವುಟಿಕೊಳ್ಳುವಳು. ಮೋಮಿನಪುರದ ಮಾಂಸದಂಗಡಿಗಳಲ್ಲಿ ಪೊಟ್ಟಣ ಕಟ್ಟಲು ಅವು ಸಾಕು. ಗುಂಡಮ್ಮ ಅವಳ ಹಿಂದೆ ಬರುತ್ತ ನಡುವಿನದನ್ನು ತೆಗೆದುಕೊಳ್ಳುವಳು. ಬರೀ ನಡು ಎಲೆಯಿಂದಲೇ ಹೊಲಿದ ಪತ್ರೋಳಿ ಮೊದಲ ಪಂಕ್ತಿಗೆ. ಹೀಗೆ ಒಂದೇ ಗಿಡ ಇಬ್ಬರಿಗೂ ಆಗುತ್ತಿತ್ತು. ಹಿಂದಿರುಗಿ ಬಂದ ಮೇಲೆ ಗುಂಡಮ್ಮನ ಅಂಗಳದಲ್ಲಿ ಕೂತು ಮಸ್ತಾನಬಿ ಎಲೆ ಒರೆಸಿ ಕೊಡುವಳು, ಗುಂಡಮ್ಮ ಹೊಲಿಯುವಳು. ಇವಳ ಮಾತಿಗೆ ಅವಳು, ಅವಳ ಮಾತಿಗೆ ಇವಳು. ಮೂರನೆಯವರು ಬಂದು ಕೂತರೆ ಗುಂಡಮ್ಮನಿಗೆ ಆಗುತ್ತಿರಲಿಲ್ಲ. ಬಂದವರು ಏಳುವ ತನಕ ಮಾತಾಡದೆ ಬರೀ ಹೊಲಿಯುವಳು.

ಆಮೇಲೆ ನಿಜಾಮನ ರಜಾಕಾರರ ಗದ್ದಲದ ಕಾಲ ಬಂತು. ಆ ಶ್ರಾವಣದಲ್ಲಿ ಕಮಲಾಪುರದ ರಸ್ತೆಗೆ ಯಾರೂ ಕಾಲಿಡಲಿಲ್ಲ. ಗುಂಡಮ್ಮ ಮಠದ ಹಿಂದಿನ ಆಲದ ಮರದಿಂದ ಎಲೆ ಕಿತ್ತು ಹೇಗೋ ಹೊಲಿದುಕೊಟ್ಟಳು. ಮುಂದಿನ ತಿಂಗಳು ಭಾರತದ ಸೈನ್ಯ ಬಂದು ಪೋಲೀಸ್ ಆಕ್ಷನ್ ಆಯಿತು. ಅಲ್ಲಿಯವರೆಗೆ ನಮ್ಮ ಮನೆಗಳ ಬಾಗಿಲು ಮುಚ್ಚಿದ್ದವು. ಆಮೇಲೆ ಮೋಮಿನಪುರದವರ ಮನೆಗಳ ಬಾಗಿಲು ಮುಚ್ಚಿದವು. ಮಸ್ತಾನಬಿಯ ಬಾಗಿಲಿಗೆ ಬೀಗ ಬಿತ್ತು. ಹೈದರಾಬಾದಿಗೆ ಹೋದರು ಎಂದರು ಕೆಲವರು. ಕೆಲವರು ಬಾಯಿ ಬಿಡಲಿಲ್ಲ. ಗುಂಡಮ್ಮ ಹೋಗಿ ಬೀಗ ನೋಡಿ ಬಂದಳು. ಸತ್ತಿದ್ದಾಳೋ ಎಂಬ ಭಯ ಅವಳಿಗೆ ಇದ್ದೇ ಇತ್ತು. ಅದರ ಜೊತೆಗೆ, ಬದುಕಿದ್ದರೆ ನನಗೆ ಒಂದು ಮಾತು ಹೇಳದೆ ಹೋದಳಲ್ಲ ಎಂಬ ಸಿಟ್ಟೂ ಇತ್ತು.

ಮರುವರ್ಷ ಶ್ರಾವಣದ ಮೊದಲ ಸೋಮವಾರ ಚಂದಮ್ಮ ಬಂದಳು.

ಕಮಲಾಪುರದ ಸೊಸೆ, ಎಳೆಯ ವಯಸ್ಸು, ಮಾತಿಗೊಮ್ಮೆ ನಗುವವಳು. ಬಸ್ಸಿನಲ್ಲಿ ತಂದ ದೊಡ್ಡ ಕಟ್ಟನ್ನು ಮಠದ ಪಡಸಾಲೆಯಲ್ಲಿ ಬಿಚ್ಚಿದಳು. ಮೊರದಷ್ಟು ಅಗಲದ ಮುತ್ತಲ ಪತ್ರೋಳಿಗಳು, ಎಲ್ಲಿಯೂ ಸಂದಿಲ್ಲ. ಮಠದ ಕೆಲಸ ನೋಡುತ್ತಿದ್ದ ಸೂರ್ಯಕಾಂತಯ್ಯನವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ನೋಡವಾ ಗುಂಡಮ್ಮ, ಹೆಂಗ ಹೊಲದಾಳ! ಒಂದು ತೂತಿಲ್ಲ. ಹ್ವಾದ ವರ್ಷ ನಿನ್ನ ಆಲದ ಎಲ್ಯಾಗಿಂದು ಸಾರು ಮಂದಿ ತೊಡಿಮ್ಯಾಲ ಹರೀತು. ಈ ಸಲ ಮೊದಲ ಪಂಕ್ತಿಗಿ ಈಕಿ ಎಲಿ ಹಾಕೂಣೇನು?"

ಗುಂಡಮ್ಮನ ಮುಖ ಕಪ್ಪಿಟ್ಟಿತು. "ಅಯ್ಯನೋರೆ, ಅದು ನಮ್ಮ ಮನೀ ಸೇವಾ ಅದ."

"ಅದಕ್ಕೇನವಾ, ನೀ ಮುತ್ತಲ ತಂದ್ರ ನಿಂದೇ ಹಾಕೂಣು. ಕಡೀ ಸ್ವಾಮಾರದ ತನಕ ಟೈಮ್ ಅದ. ತರದಿದ್ರ ಈಕಿದು. ಉಣ್ಣೋರಿಗಿ ಹೊಟ್ಟಿ ತುಂಬಬೇಕು, ಅಷ್ಟೇ."

ಚಂದಮ್ಮ ನಗುತ್ತ ಹತ್ತಿರ ಬಂದಳು. "ಅತ್ತೆವ್ವಾ, ಬೇಕಂದ್ರ ನಾನೇ ನಿಮಗ ಎಲಿ ತಂದ ಕೊಡ್ತೀನಿ ತಗೋರಿ. ನಿಮ್ಮ ವಯಸ್ಸಿಗಿ ಯಾಕ ಅಷ್ಟ ದೂರ ಹೋಗ್ತೀರಿ?"

"ನೀ ಹುಟ್ಟೋದಕ್ಕಿಂತ ಮೊದಲ ಆ ಗಿಡ ನನಗ ಗೊತ್ತವ," ಎಂದಳು ಗುಂಡಮ್ಮ. ಚಂದಮ್ಮ ನೋಡಲೆಂದು ಚಾಚಿದ ಪತ್ರೋಳಿಯನ್ನು ಕೈಯಲ್ಲಿ ಸಹ ಹಿಡಿಯದೆ ಮನೆಗೆ ಬಂದುಬಿಟ್ಟಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಪೂಜೆಗೆ ಕೂತರೂ ಕಣ್ಣ ಮುಂದೆ ಅದೇ ಅಗಲದ ಎಲೆ. ಲಿಂಗ ಕೈಯಲ್ಲಿ ಹಿಡಿದು, "ಯಪ್ಪಾ, ಆಕಿ ಎಲಿಗಿ ಹುಳ ಬೀಳಲಿ ಅಂತ ನನ್ನ ಬಾಯಿಗಿ ಬರಾಕತ್ತದ, ಬರಗೊಡಬ್ಯಾಡ," ಎಂದು ಬೇಡಿಕೊಂಡಳಂತೆ.

ಮಾಪಣ್ಣ ನಕ್ಕ. "ಎಲಿ ಯಾರದಾದ್ರೇನ, ಅನ್ನ ಮಠದ್ದೇ ಅಲ್ಲ?"

"ನಿಮ್ಮ ಕಾವಲಿ ಕೋಲು ಬ್ಯಾರೆಯವ ಹಿಡಕೊಂಡು ಅಡತಿ ಮುಂದ ನಿಂತ್ರ ಹಿಂಗ ನಗ್ತಿದ್ರೇನು?"

ಮಾಪಣ್ಣ ಎದ್ದು ಗಂಜ್‌ಗೆ ಹೋಗಿ ಬಂಡಿ ವಿಚಾರಿಸಿದ. ಕೊನೆಯ ಸೋಮವಾರಕ್ಕೆ ಮೊದಲಿನ ವಾರ, ಗಂಜ್‌ಗೆ ತೊಗರಿ ಇಳಿಸಿ ಊರಿಗೆ ಮರಳುತ್ತಿದ್ದ ಕಮಲಾಪುರದ ಯಂಕಪ್ಪನ ಬಂಡಿಯಲ್ಲಿ ಅವಳನ್ನು ಕೂರಿಸಿದ.

ಬೆಳಗು ಹರಿಯುವಾಗ ಊರು ದಾಟಿದರು. ಈ ದಾರಿಯನ್ನು ಗುಂಡಮ್ಮ ಮೊದಲೆಲ್ಲ ಮಸ್ತಾನಬಿಯ ಮಾತು ಕೇಳುತ್ತ ಕಳೆದಿದ್ದಳು. ಗಿಡಗಳನ್ನು ನೋಡಿಯೂ ನೋಡಿರಲಿಲ್ಲ. ಈಗ ಪಕ್ಕದಲ್ಲಿ ಯಾರೂ ಇಲ್ಲ. ಕಣ್ಣು ತಾನಾಗಿ ರಸ್ತೆಯ ಎರಡೂ ಕಡೆ ಹುಡುಕುತ್ತಿತ್ತು.

ಊರ ಹತ್ತಿರ ಕರಿಮಣ್ಣಿನ ಹೊಲಗಳ ನಡುವೆ ಜಾಲಿಗಳು ರಸ್ತೆಯ ಮೇಲೆ ಬಾಗಿ ನೆರಳು ಚೆಲ್ಲುತ್ತಿದ್ದವು ಎಂಬ ನೆನಪು ಅವಳದು. ಈಗ ನೆರಳಿಲ್ಲ. ಮೊಣಕಾಲೆತ್ತರಕ್ಕೆ ಕಡಿದ ಬೊಡ್ಡೆಗಳು, ಅವುಗಳ ಸುತ್ತ ಕೋಪದಿಂದ ಚಿಗುರಿದಂತೆ ಹಸಿ ಮುಳ್ಳು.

"ಯಾರು ಕಡದ್ರೋ ಯಂಕಪ್ಪ?"

"ಮಿಲ್ಟ್ರಿಯವರು ಒಲಿಗಿ ಕಡದ್ರಂತ ಮಂದಿ ಅಂತಾರ್ರಿ ಯವ್ವಾ. ಉಳಿದದ್ದು ನಾವ ಕಡದೀವಿ. ಕೇಳಾವ್ರು ಯಾರಿದ್ರು?"

ಮುಂದೆ ಒಂದು ಹಳ್ಳ ಬಂತು. ಹಳ್ಳದ ಎರಡೂ ದಂಡೆಗೆ ಹೆಂಡ ಇಳಿಸುವ ಸಿಂದಿ ಗಿಡಗಳ ಗುಂಪಿತ್ತು. ಅದರ ಗರಿಯಿಂದ ಮಸ್ತಾನಬಿ ಕಸಬರಿಗೆ ಕಟ್ಟಿಕೊಳ್ಳುತ್ತಿದ್ದಳು. ಈಗ ತಲೆಯಿಲ್ಲದ ಕಂಬಗಳು ಸಾಲಾಗಿ ನಿಂತಿದ್ದವು. ಜಾಲಿಯಂತೆ ಸಿಂದಿ ಮತ್ತೆ ಚಿಗುರುವುದಿಲ್ಲ. ತಲೆ ಹೋದರೆ ಹೋಯಿತು.

"ಇವು ಚಳವಳಿ ಮಂದಿ ಕಡದದ್ದು," ಎಂದ ಯಂಕಪ್ಪ. "ಸಿಂದಿ ರೊಕ್ಕ ನಿಜಾಮನ ಖಜಾನಿಗಿ ಹೋಗಬಾರ್ದಂತ."

"ಕುಡ್ಯೋರು ಕುಡ್ಯೋದ್ ಬಿಟ್ರೇನು?"

"ಎಲ್ಲಿ ಬಿಡ್ತಾರ್ರಿ! ನಮ್ಮ ಮಾವ ಮೊದಲ ಇಲ್ಲೇ ಕುಡದು ಇಲ್ಲೇ ಮಕ್ಕೋತಿದ್ದ. ಈಗ ಎರಡು ಹಳ್ಳ ದಾಟಿ ಹೋಗಿ ಕುಡೀತಾನ. ಹೊತ್ತಗೊಂಡ ಬರೂದು ನಂದೇ ಕೆಲಸ ಆಗ್ಯದ."

ಗುಂಡಮ್ಮ ನಗಲಿಲ್ಲ. ಇಷ್ಟೆಲ್ಲ ಹೋಗಿದ್ದರೆ ಮುತ್ತಲವೂ ಹೋಗಿರಬಹುದು ಎಂಬ ಯೋಚನೆ ಅವಳಿಗೆ ಬಂದಿತ್ತು. ಹೋಗಿದ್ದರೇ ಒಳ್ಳೆಯದು. ನನಗೂ ಬೇಡ, ಅವಳಿಗೂ ಬೇಡ. ಹಾಗೆ ಅನ್ನಿಸಿದ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. "ಶಿವ ಶಿವಾ" ಎಂದು ಎರಡೂ ಕೆನ್ನೆ ಮುಟ್ಟಿಕೊಂಡಳು.

ಮಹಾಗಾಂವ ದಾಟಿದ ಮೇಲೆ ನೆಲ ಏರತೊಡಗಿತು. ಕರಿಮಣ್ಣು ತೆಳುವಾಗಿ, ಕಲ್ಲು ಹೆಚ್ಚಾಗಿ, ನಿಧಾನವಾಗಿ ಕೆಂಪಾಯಿತು. ಬೇವು ಹಿಂದೆ ಉಳಿಯಿತು. ತಂಗಡಿಯ ಹಳದಿ ಹೂ, ಬಾರಿ ಹಣ್ಣಿನ ಕಂಟಿ, ಅವುಗಳ ನಡುವೆ ಎಲ್ಲೆಲ್ಲೂ ಸೀತಾಫಲದ ಗಿಡ. ಮೊದಲು ಸೀತಾಫಲ ಗುಡ್ಡದ ಮೇಲಷ್ಟೇ ಇತ್ತು. ಈಗ ರಸ್ತೆಯ ಅಂಚಿಗೇ ಬಂದು, ಎಳೆಗಾಯಿ ಹಿಡಿದು ನಿಂತಿತ್ತು.

"ಇದೆಲ್ಲಿಂದ ಬಂತೋ ಇಲ್ಲಿ?"

"ದೊಡ್ಡ ಗಿಡ ಕಡದ್ರಲ್ರೀ, ಬಿಸಿಲ ಬಿತ್ತು, ಇದು ಬಂತು. ದನಾ ತಿನ್ನಂಗಿಲ್ಲ, ಆಡ ಮುಟ್ಟಂಗಿಲ್ಲ. ಇದಕ್ಕೇನ ಚಿಂತಿ?"

"ಜಾಗ ಖಾಲಿ ಆದ್ರ ಸಾಕು, ಬಂದು ಕೂತಬಿಡೋದು," ಎಂದಳು ಗುಂಡಮ್ಮ. "ಚೆಂದ ಇರತಾವ ಮತ್ತ, ನಕ್ಕೋತ."

ಗಿಡ ಹೇಗೆ ನಗುತ್ತದೆಂದು ತಿಳಿಯದೆ ಯಂಕಪ್ಪ ಎತ್ತುಗಳನ್ನು ಹೊಡೆದ.

ಇಳಿಜಾರು ಬಂದಾಗ ಜಿಟಿ ಮಳೆ ಶುರುವಾಗಿತ್ತು. ರಸ್ತೆಯ ಬದಿಯಲ್ಲಿ ಮುತ್ತಲ ಒಂದೂ ಇರಲಿಲ್ಲ. ಗುಂಡಮ್ಮ ಬಂಡಿಯಲ್ಲೇ ಎದ್ದು ನಿಂತು ಮೇಲೆ ನೋಡಿದಳು. ಬಂಡಿ ನಿಲ್ಲಿಸಿ ಗೋಣಿಚೀಲ ಹಿಡಿದು ಮೇಲೆ ಹತ್ತಿದಳು. ಸೀತಾಫಲದ ಸಾಲು ದಾಟಿದ ಮೇಲೆ ಸಿಕ್ಕವು. ಹಿಂದೆ ಸರಿದಿದ್ದವು, ಆದರೆ ಇದ್ದವು. ಮಳೆಗೆ ತೊಳೆದ ಅಗಲದ ಎಲೆಗಳು ತೊಟ್ಟಿನ ತುದಿಯಲ್ಲಿ ಅಲ್ಲಾಡುತ್ತಿದ್ದವು.

ಒಂದು ಟೊಂಗೆಯನ್ನು ಬಗ್ಗಿಸಿದವಳು ಹಾಗೆಯೇ ನಿಂತಳು. ಆ ತೊಟ್ಟಿನಲ್ಲಿ ಒಂದೇ ಎಲೆಯಿತ್ತು, ನಡುವಿನದು. ಪಕ್ಕದ ಎರಡನ್ನು ಯಾರೋ ತೆಗೆದಿದ್ದರು. ಇನ್ನೊಂದು ಟೊಂಗೆ ನೋಡಿದಳು, ಇನ್ನೊಂದು ಗಿಡ ನೋಡಿದಳು. ಎಲ್ಲ ಕಡೆ ಹಾಗೆಯೇ. ಎಳೆದು ಹರಿದದ್ದಲ್ಲ. ಉಗುರಿನಿಂದ ಚಿವುಟಿದ ಸಣ್ಣ ಗಾಯ.

ಮಸ್ತಾನಬಿ ಬದುಕಿದ್ದಾಳೆ!

ಒಂದು ಉಸಿರು ಎಳೆಯುವಷ್ಟು ಹೊತ್ತು ಗುಂಡಮ್ಮನಿಗೆ ಬೇರೇನೂ ಬೇಕೆನಿಸಲಿಲ್ಲ. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಹೊಳೆಯಿತು. ಕಮಲಾಪುರದಿಂದ ಎಲೆ ತರುವವಳು ಚಂದಮ್ಮ. ಹಾಗಾದರೆ ಮಸ್ತಾನಬಿ ಈ ಗಿಡಗಳ ನಡುವೆ ನಡೆದದ್ದು ಯಾರಿಗಾಗಿ? ನನಗೆ ಸತ್ತಳೋ ಇದ್ದಾಳೋ ತಿಳಿಯದು. ಇಲ್ಲಿ ಆ ಹುಡುಗಿಯ ಜೊತೆ, ನಮ್ಮ ಗಿಡದಲ್ಲಿ!

ಅವಳು ಕೀಳತೊಡಗಿದಳು. ತೊಟ್ಟಿನಲ್ಲಿ ಉಳಿದಿದ್ದ ನಡು ಎಲೆಗಳನ್ನು ಒಂದೂ ಬಿಡದಂತೆ ಕಿತ್ತಳು. ನೀರು ಜಾಡಿಸಲಿಲ್ಲ, ಒರೆಸಲಿಲ್ಲ, ಒಂದರ ಮೇಲೊಂದು ಜೋಡಿಸಲಿಲ್ಲ. ಹಸಿಹಸಿಯಾಗಿಯೇ ಚೀಲಕ್ಕೆ ತುರುಕಿ, ಮೊಣಕಾಲಿನಿಂದ ಒತ್ತಿ, ಬಾಯಿ ಬಿಗಿದಳು.

"ಮಸ್ತಾನಬಿ ಅನ್ನೋಕಿ ನಿಮ್ಮೂರಾಗ ಅದಾಳೇನೋ?" ಎಂದು ಬಂಡಿ ಹತ್ತಿ ಕೇಳಿದಳು.

"ಅದಾಳ್ರಿ. ಚಂದಮ್ಮನ ಅತ್ತಿ ಮನ್ಯಾಗ. ಯಾಕ್ರಿ, ನಿಮಗ ಗುರ್ತೇನು?"

"ಆ ಮನಿ ಮುಂದ ಇಳಸು," ಎಂದಳು ಗುಂಡಮ್ಮ.

ಮನೆ ಊರಿನ ತುದಿಯಲ್ಲಿತ್ತು. ಪಡಸಾಲೆಯಲ್ಲಿ ಮಸ್ತಾನಬಿ ಕಾಲು ಚಾಚಿ ಕೂತು ಪತ್ರೋಳಿ ಹೊಲಿಯುತ್ತಿದ್ದಳು. ಎದುರಿಗೆ ಚಂದಮ್ಮ ಎಲೆ ಒರೆಸಿ ಕೊಡುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಆ ನಗು ಗುಂಡಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮಸ್ತಾನಬಿ ತಲೆಯೆತ್ತಿದಳು. ಮೈ ಇಳಿದುಹೋಗಿತ್ತು, ಕೈಯಲ್ಲಿ ಬಳೆಯಿರಲಿಲ್ಲ. "ಅರೆ ಗುಂಡಮ್ಮಾ! ಬಂದೀ? ಯಾ ಅಲ್ಲಾ, ಬಾ ಬಾ."

"ನಾ ಬಂದಿದ್ದು ಎಲಿಗಿ. ನಿನ್ನ ಸಲುವಾಗಿ ಅಲ್ಲ."

"ಹೌದೇನು? ಎಲಿ ಗಿಡದಾಗ ಇರತಾವ. ಈ ಮನ್ಯಾಗ ಏನ ಹುಡುಕಾಕತ್ತಿ?"

ಚಂದಮ್ಮ ಕಿಸಕ್ಕೆಂದು ನಕ್ಕು, ನೀರು ತರುತ್ತೇನೆಂದು ಒಳಗೆ ಹೋದಳು.

ಗುಂಡಮ್ಮ ಚೀಲದ ಮೇಲೆಯೇ ಕೂತಳು. "ಒಂದು ಮಾತ ಹೇಳದ ಬಂದಿ."

"ಹೇಳಲಿಕ್ಕ ಟೈಮ್ ಯಾರು ಕೊಟ್ರು? ಬಂಡಿ ತಗೊಂಡ ಹ್ವಾದವ ತಿರುಗಿ ಬರಲಿಲ್ಲ. ಮೂರನೇ ದಿನ ಎತ್ತು ಅಷ್ಟೇ ಬಂದ್ವು." ಮಸ್ತಾನಬಿ ಕೈಯಲ್ಲಿದ್ದ ಕಡ್ಡಿಯನ್ನು ಎಲೆಗೆ ಚುಚ್ಚಿದಳು. "ಅವನ್ನ ಹುಡುಕ್ಕೋತ ಇಲ್ಲಿ ತನಕ ನಡಕೊಂತ ಬಂದೆ. ಈಕಿ ಅತ್ತಿ ಒಳಗ ಕರದು, ಬಾಗಲಾ ಹಾಕಿ, ತಾನ ಹೊರಗ ಕುಂತಳು. ಯಾರ ಕೇಳಿದ್ರೂ ನಮ್ಮ ಮನ್ಯಾಗ ಯಾರಿಲ್ಲ ಅಂದ್ಲು."

ಗುಂಡಮ್ಮನ ಕಣ್ಣು ತುಂಬಿತು. ಕರೀಂಸಾಬ್ ಅವಳನ್ನು ಎಷ್ಟು ಸಲ ಈ ದಾರಿಯಲ್ಲಿ ಕರೆದುಕೊಂಡು ಬಂದಿದ್ದ! ಆದರೂ ಬಾಯಿಗೆ ಬಂದದ್ದು ಬೇರೆ ಮಾತು. "ನನ್ನ ಕಡೀನೂ ಬಾಗಲಾ ಇತ್ತು."

"ಇತ್ತು. ಅದು ಕಲಬುರ್ಗ್ಯಾಗ ಇತ್ತು."

ಮಸ್ತಾನಬಿ ಮುಗಿಸಿ ಇಟ್ಟ ಪತ್ರೋಳಿಯನ್ನು ಗುಂಡಮ್ಮ ಈಗ ಎತ್ತಿಕೊಂಡಳು. ಎಲ್ಲ ಪಕ್ಕದ ಎಲೆಗಳೇ, ಸೊಟ್ಟ ಎಲೆಗಳು. ಒಂದರ ಸೊಟ್ಟು ಇನ್ನೊಂದರ ಸೊಟ್ಟಿಗೆ ಕೂರುವಂತೆ ಜೋಡಿಸಿ ಅಷ್ಟು ಅಗಲ ಮಾಡಿದ್ದಳು. ತಾನು ನಡು ಎಲೆಯಿಂದ ಹೊಲಿದರೂ ಇಷ್ಟು ಅಗಲ ಬರುತ್ತಿರಲಿಲ್ಲ ಎಂಬುದು ಅವಳಿಗೆ ಕೂಡಲೇ ತಿಳಿಯಿತು, ತಿಳಿದು ಹೊಟ್ಟೆ ಉರಿಯಿತು. ತಿರುವಿ ಬೆನ್ನು ನೋಡಿದಳು. ಕಡ್ಡಿಯ ತುದಿ ಎಲ್ಲಿಯೂ ಕಾಣುತ್ತಿರಲಿಲ್ಲ. ಚುಚ್ಚಿದ ತುದಿಯನ್ನು ಮತ್ತೆ ಮಡಚಿ ಎರಡು ಎಲೆಗಳ ನಡುವೆ ಮುಚ್ಚುವುದು ಗುಂಡಮ್ಮನ ಅತ್ತೆ ಅವಳಿಗೆ ಕಲಿಸಿದ್ದ ಕ್ರಮ. ಓಣಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಇದು ನನ್ನ ಹೊಲಿಗಿ."

"ನಿಂದೇ. ಅಷ್ಟ ವರ್ಷ ನಿನ್ನ ಮುಂದ ಕುಂತು ನೊಣಾ ಹೊಡದೇನೇನ ನಾ?"

"ಆಕಿಗೂ ಕಲಿಸೀದಿ?"

"ಕಲಿಸಾಕತ್ತೀನಿ. ಅನ್ನ ಹಾಕ್ಯಾರ, ನನ್ನ ಕೈಯಾಗ ಕೊಡಲಿಕ್ಕ ಇನ್ನೇನದ?"

"ನಡು ಎಲಿ ಯಾಕ ಬಿಟ್ಟಿ ಮತ್ತ? ಈಕಿಗಿ ಅವೂ ಕೊಡಬೇಕಿತ್ತು."

ಮಸ್ತಾನಬಿ ಅವಳನ್ನೇ ನೋಡಿದಳು. "ಅವು ನಿನ್ನವ. ನಿನ್ನವ ನಾ ಹೆಂಗ ಕೊಡಲಿ?"

ಅಷ್ಟರಲ್ಲಿ ಚಂದಮ್ಮ ನೀರು ತಂದು, ಚೀಲ ನೋಡಿ, "ಅತ್ತೆವ್ವಾ, ನಡುವಿನವು ನಿಮ್ಮ ಕಡೆ ಅವ, ಸುತ್ತಿನವು ನಮ್ಮ ಕಡೆ ಅವ. ಕೂಡೇ ಹೊಲದ್ರ ಹೆಂಗ?" ಎಂದಳು.

"ನನ್ನ ಎಲಿ ನಿನ್ನ ಎಲಿಗಿ ಹೊಲ್ಯಾಂಗಿಲ್ಲ."

"ಹೋಗ್ಲಿ ಬಿಡು," ಎಂದಳು ಮಸ್ತಾನಬಿ. "ಚೀಲಾರೆ ಬಿಚ್ಚು. ತೊಯ್ದ ಎಲಿ ಒಳಗ ಬೇಯ್ತಾವ. ಇಲ್ಲೇ ಪಡಸಾಲ್ಯಾಗ ಹರವು, ಮುಂಜಾನಿ ಕಟ್ಟಿಕೊಂಡ ಹೋಗು."

ಅದು ಗುಂಡಮ್ಮನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಬಿಚ್ಚಿದರೆ ಚಂದಮ್ಮ ನೋಡುತ್ತಾಳೆ, ಮುಟ್ಟುತ್ತಾಳೆ, ಒರೆಸಿ ಕೊಡಲು ಕೂರುತ್ತಾಳೆ. "ಏನೂ ಆಗಂಗಿಲ್ಲ ತಗೋ," ಎಂದು ಚೀಲವನ್ನು ಗೋಡೆಗೆ ಒತ್ತಿ, ರಾತ್ರಿ ಅದಕ್ಕೇ ತಲೆಯಿಟ್ಟು ಮಲಗಿದಳು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮಸ್ತಾನಬಿಯ ಕೈ ಹಿಡಿದು, "ಕಲಬುರ್ಗಿಗಿ ಬಾ, ನಮ್ಮ ಮನ್ಯಾಗ ಇರು," ಎಂದಳು.

"ಬಂದು ದಿನಾ ನಮ್ಮ ಮನೀ ಬೀಗಾ ನೋಡಲೇನು? ಇಲ್ಲೇ ಇರತೀನಿ ಗುಂಡಮ್ಮಾ. ನೀನೇ ಬಾ, ವರ್ಷಾ ಬರ್ತಿದ್ದೆಲ್ಲ ಹಂಗ."

"ಆಕಿ ಇರತಾಳಲ್ಲ."

"ಇರಲಿ. ಆಕಿ ಮನಿ ಅದ ಇದು!"

ಕಲಬುರ್ಗಿಯ ಮನೆಯ ಅಂಗಳದಲ್ಲಿ ಚೀಲ ಬಿಚ್ಚಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮೇಲಿನ ನಾಲ್ಕಾರು ಎಲೆ ಬಿಟ್ಟರೆ ಉಳಿದವೆಲ್ಲ ಕಪ್ಪು ಕಲೆ ಬಿದ್ದು, ಒಂದಕ್ಕೊಂದು ಅಂಟಿ, ಕೊಳೆತ ವಾಸನೆ ಬರುತ್ತಿತ್ತು. ಅಷ್ಟು ವರ್ಷ ಎಲೆ ತಂದವಳು ಇಂಥ ತಪ್ಪು ಒಮ್ಮೆಯೂ ಮಾಡಿರಲಿಲ್ಲ. ಕಲೆ ಬಿದ್ದ ಎಲೆಯನ್ನು ಮೊದಲ ಪಂಕ್ತಿಗೆ ಹಾಕುವಂತಿರಲಿಲ್ಲ. ಮಾಪಣ್ಣ ಬಾಗಿಲಲ್ಲಿ ನಿಂತು ನೋಡಿದ. ಸಲಿಕೆ ತಂದು ಎಲ್ಲವನ್ನೂ ತಿಪ್ಪೆಗೆ ಹಾಕಿದ.

ಸೋಮವಾರ ಅವಳು ಸ್ನಾನ ಪೂಜೆ ಮುಗಿಸಿ ಬರಿಗೈಯಲ್ಲಿ ಮಠಕ್ಕೆ ಬಂದಳು. ಚಂದಮ್ಮನ ಕಟ್ಟುಗಳು ಆಗಲೇ ಬಂದು ಕೂತಿದ್ದವು.

"ಎಲ್ಲವ ಗುಂಡಮ್ಮ ನಿನ್ನ ಎಲಿ?" ಎಂದರು ಸೂರ್ಯಕಾಂತಯ್ಯನವರು.

"ಬೆಂದು ಹ್ವಾದವು ಅಯ್ಯನೋರೆ. ಚೀಲಾ ಬಿಚ್ಚಲಿಲ್ಲ ನಾ."

ಅವರಿಗೇ ಕಸಿವಿಸಿಯಾಯಿತು. "ಹಂಗಾದ್ರ..."

"ಹಂಗಾದ್ರ ಆಕಿ ಎಲಿ. ಆದ್ರ ಮೊದಲ ಪಂಕ್ತಿಗಿ ಹಾಕೋಕಿ ನಾನು. ಅದ್ರಾಗ ಮತ್ತ್ಯಾರ ಕೈ ಹತ್ತಗೊಡಂಗಿಲ್ಲ."

ಅವರು ಚಂದಮ್ಮನ ಮುಖ ನೋಡಿದರು. ಚಂದಮ್ಮ "ಹಾಕ್ಲಿ ಬಿಡ್ರಿ" ಎಂದಳು.

ಗುಂಡಮ್ಮ ಕಟ್ಟುಗಳ ಮುಂದೆ ಕೂತಳು. ಒಂದೊಂದೇ ಪತ್ರೋಳಿ ಎತ್ತಿ, ಬೆನ್ನು ತಿರುವಿ, ಬೆರಳಾಡಿಸಿ ನೋಡಿದಳು. ತುದಿ ಮುಚ್ಚಿದ್ದನ್ನು ಬಲಗಡೆ ಇಟ್ಟಳು. ತುದಿ ಹೊರಗಿದ್ದದ್ದನ್ನು ಎಡಗಡೆ ಇಟ್ಟಳು. ಬಲಗಡೆಯವನ್ನು ಒಯ್ದು ಮೊದಲ ಪಂಕ್ತಿಯ ಉದ್ದಕ್ಕೂ ತಾನೇ ಹಾಕಿದಳು. ಪ್ರತಿಯೊಂದನ್ನು ಹಾಕುವಾಗಲೂ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಡಗಡೆಯವು ಎರಡನೆಯ ಪಂಕ್ತಿಗೆ ಹೋದವು. ಮೊದಲ ಪಂಕ್ತಿಯ ಎಲೆ ಯಾರ ಕೈಯದು ಎಂದು ಮಠದಲ್ಲಿ ಯಾರೂ ಕೇಳಲಿಲ್ಲ, ಮೋಮಿನಪುರದ ಮಸ್ತಾನಬಿಯದು ಎಂದು ಅವಳೂ ಹೇಳಲಿಲ್ಲ.

ಚಂದಮ್ಮನಿಗೆ ಮಾತ್ರ ತಿಳಿಯಿತು. ಅವಳು ಸಾಲಿನ ಉದ್ದಕ್ಕೂ ನಡೆದು ನೋಡಿ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈಗ ನಗುತ್ತಿರಲಿಲ್ಲ.

"ಅತ್ತೆವ್ವಾ, ನಾ ಹೊಲದದ್ದು ಒಂದಾರೆ ಮುಂದ ಅದ ಏನು?"

"ಇಲ್ಲ."

"ಯಾಕ?"

"ಕಡ್ಡಿ ತುದಿ ಹೊರಗ ಬಿಟ್ಟೀದಿ. ಉಣ್ಣೋರ ಬೆರಳಿಗಿ ಚುಚ್ಚತದ."

"ಅದು ಮುಚ್ಚಲಿಕ್ಕ ನನಗ ಇನ್ನಾ ಬರವಲ್ದು. ನೀವೇ ಕಲಿಸ್ರಿ ಮತ್ತ."

ಗುಂಡಮ್ಮ ಸೆರಗು ಬಿಗಿದು, ನೀರಿನ ತಂಬಿಗೆ ಎತ್ತಿಕೊಂಡು, ಪಂಕ್ತಿಯ ತುದಿಗೆ ನಡೆದಳು. "ಕಲಿಸೋಕಿ ಒಬ್ಬಾಕಿ ಅದಾಳಲ್ಲ ನಿನಗ," ಎಂದಳು ತಿರುಗಿ ನೋಡದೆ, "ಮನ್ಯಾಗೇ ಇಟ್ಟಕೊಂಡೀರಿ."